ಒಳಬಾಗಿಲ ಮೇಲಿನ ವಾಮನರಾಯರು

ತನ್ನ ಬಗ್ಗೆ ಹೇಳಿಕೊಳ್ಳಲು ಏನೂ ಇಲ್ಲದವನಿಗೆ ಪೂರ್ವಜರು ಬೇಕೇ ಬೇಕು. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ನನಗಂತೂ ತುರ್ತಾಗಿ ಬೇಕಾಗಿದ್ದರು. ಶ್ರಾದ್ಧದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಹೇಳಿದರೆ ಆಚಾರ್ಯರಿಗೂ ಸಾಕು, ಪಿತೃಗಳಿಗೂ ಸಾಕು. ನಾಲ್ಕನೆಯವರ ಗೊಡವೆಗೆ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಹೋದವರು ನನ್ನ ಹೆಂಡತಿಯ ಅಣ್ಣ, ಹಾನಗಲ್ಲಿನ ವಕೀಲರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಮಗನ ಮುಂಜಿವೆ ನಿಶ್ಚಯವಾಗಿತ್ತು. ಕರೆಯಲು ಹೋದ ನನ್ನನ್ನು ಅವರು ತಮ್ಮ ಏಳು ತಲೆಮಾರಿನ ವಂಶವೃಕ್ಷದ ಪಟದ ಕೆಳಗೇ ಕೂಡ್ರಿಸಿ, "ವಾಮನರಾವ್, ಬಂದ ಮಂದಿ ಕೇಳಿದ್ರ ಮೂರರ ಮ್ಯಾಲೆ ಏನ್ ಹೇಳವ್ರು ನೀವು?" ಎಂದರು. ಕೈಯಲ್ಲಿದ್ದ ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟೆ. ಮುಂಜಿವೆಯೊಳಗೆ ನಾಲ್ಕನೆಯವರನ್ನು ಹಿಡಿದು ತರದಿದ್ದರೆ ಈ ಮನುಷ್ಯನ ಮುಂದೆ ಜನ್ಮವಿಡೀ ತಲೆ ತಗ್ಗಿಸಬೇಕಾದೀತೆಂದು ಹೊಳೆಯಿತು.

ನಮ್ಮ ಮೂಲ ಸವಣೂರು. ಅಲ್ಲಿಯ ಹಳೆಯ ವಾಚನಾಲಯದಲ್ಲಿ ನವಾಬರ ಕಾಲದ ಪುಸ್ತಕಗಳಿವೆಯೆಂದು ಕೇಳಿ, ಸೂಟಿ ಸಿಕ್ಕಕೂಡಲೇ ಬಸ್ ಹತ್ತಿದೆ. ಗ್ರಂಥಪಾಲಕ ರಸೂಲಸಾಹೇಬರು ನನ್ನ ಮನೆತನ ವಿಚಾರಿಸಿಕೊಂಡು, ಕೇಳಿದ್ದನ್ನೆಲ್ಲ ಮುಂದೆ ಒಟ್ಟಿದರು. ಧೂಳಿಗೆ ಸೀನಿ ಸೀನಿ ಓದಿದೆ. ನವಾಬರ ಕುದುರೆಯ ಹೆಸರು ಸಿಕ್ಕಿತು, ನಮ್ಮವರದು ಸಿಗಲಿಲ್ಲ. ಬೇಸತ್ತು ಮೈಮುರಿಯಲು ಕತ್ತೆತ್ತಿದರೆ ಒಳಬಾಗಿಲ ಮೇಲಿನ ಕಲ್ಲಿನಲ್ಲಿ ನನ್ನದೇ ಹೆಸರು. ‘ವಾಮನ ಶೇಷಗಿರಿ ಇವರು ತಮ್ಮ ಸ್ವಂತ ಮನೆಯನ್ನು ಈ ವಾಚನಾಲಯಕ್ಕೆ ದಾನ ಕೊಟ್ಟರು.’ ನಾನಂತೂ ಕೊಟ್ಟಿರಲಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ನಾನು ವಾಮನ, ಅಪ್ಪ ಶೇಷಗಿರಿ, ಅಜ್ಜ ವಾಮನ, ಮುತ್ತಜ್ಜ ಶೇಷಗಿರಿ.

"ನಮ್ಮ ಅಜ್ಜಾರ ಇರಬೇಕ್ರಿ ಇವರು" ಎಂದೆ.

"ಅಲ್ರಿ ಮಾಸ್ತರ. ನಿಮ್ಮ ಅಜ್ಜಾರು ಸಣ್ಣವರಿದ್ದಾಗ ಇಲ್ಲೇ ಓದಾಕ ಬರ್ತಿದ್ರಂತ, ನಮ್ಮ ದಾದಾ, ಅಂದ್ರ ನಮ್ಮ ಅಜ್ಜ, ಹೇಳ್ತಿದ್ರು. ಇವರು ಅವರ ಅಜ್ಜಾರು."

ನಾಲ್ಕನೆಯವರು! ಎದೆ ಉಬ್ಬಿ ಅಂಗಿಯ ಗುಂಡಿಗೆ ಹತ್ತಿತು. ಇದ್ದ ಮನೆಯನ್ನೇ ಊರಿನ ಓದಿಗೆ ಬಿಟ್ಟುಕೊಟ್ಟ ವಂಶ ನಮ್ಮದು ಎಂದು ನಿಜವಾಗಿಯೂ ಕಣ್ಣು ತುಂಬಿ ಬಂತು. "ಇದು ನಮ್ಮ ಮನಿರಿ" ಎಂದು ಓದುತ್ತ ಕುಳಿತಿದ್ದವರಿಗೆಲ್ಲ ಕೇಳುವಂತೆ ಹೇಳಿದೆ.

"ಖರೇನ ಐತ್ರಿ" ಎಂದರು ಸಾಹೇಬರು, "ಆದ್ರ ಇಲ್ಲೆ ಮಾತಾಡೂಹಂಗಿಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಹೆಸರಿಗಾಗಿ ಸವಣೂರತನಕಾ ಯಾಕ ಹೋದ್ರಿ? ನಿಮ್ಮ ಮನಿತನದಾಗ ಇರೂವ ಎರಡು ಹೆಸರು, ನಾನ ಕೂತಲ್ಲೇ ಹೇಳ್ತಿದ್ದೆ" ಎಂದಳು. ಒಂದು ಹರಳು ತೆಗೆದು ಎಸೆದು, "ಒಂದು ಛಲೋ ಆತು. ನಾವು ಬಾಡಿಗಿ ಮನ್ಯಾಗ ಯಾಕಿದ್ದೇವಂತ ಇವತ್ತ ತಿಳೀತು" ಎಂದಳು. ಆದರೆ ಸಂಜೆ ಹಿತ್ತಲಿನಲ್ಲಿ ನೆರೆಮನೆಯವರಿಗೆ "ನಮ್ಮವರ ಮನಿ ಅಂದ್ರ ಏನಂತ ತಿಳದೀರಿ" ಎಂದು ಅವಳೇ ಶುರುಮಾಡಿದ್ದು ನನ್ನ ಕಿವಿಗೆ ಬಿತ್ತು.

ಮುಂಜಿವೆಯ ದಿನ ವಕೀಲರು ಎಲ್ಲವನ್ನೂ ಕೇಳಿ ಬೆರಳು ಮಡಚಿ ತಮ್ಮ ತಲೆಮಾರುಗಳನ್ನು ಎಣಿಸಿದರು. ಕಡೆಗೆ, "ನಮ್ಮ ಏಳೂ ತಲಿಯೊಳಗ ಯಾರೂ ಊರಿಗೆ ಒಂದು ಕಿಡಕಿಸುದ್ದಾ ಕೊಟ್ಟಿಲ್ಲ ಬಿಡ್ರಿ" ಎಂದರು. ಅಷ್ಟು ಸಾಕಾಯಿತು. ಆಮೇಲೆ ನನ್ನನ್ನು ತಡೆಯುವವರೇ ಇರಲಿಲ್ಲ. ನಾವು ದಾನ ಕೊಟ್ಟ ಆ ದೊಡ್ಡ ಮನೆಯ ಪಡಸಾಲೆ, ಅಂಕಣ, ಕಂಬ ಎಲ್ಲವನ್ನೂ ಬಂದವರಿಗೆಲ್ಲ ವರ್ಣಿಸಿದೆ. ನಮ್ಮ ಬಾಡಿಗೆ ಮನೆಯೊಳಗೆ ಜಾಗ ಸಾಲದೆ, ಅರ್ಧ ಮಂದಿ ಬೀದಿಯ ಬಿಸಿಲಲ್ಲಿ ನಿಂತು ಕೇಳಿದರು.