ಮೂರು ರೇಡಿಯೋ, ಒಬ್ಬಳು ನಾಗವೇಣಿ

ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಪ್ಪನೆಂಬ ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ! ಬೆಂಡೆಕಾಯಿಯ ತುದಿ ಮುರಿಯದೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಾನು ಇದುವರೆಗೆ ಏನನ್ನೂ ಕೊಂಡವನಲ್ಲ. ಹೀಗಿರುವಾಗ ಮನೆಗೊಂದು ಡಿಜಿಟಲ್ ರೇಡಿಯೋ ಬೇಕೋ ಬೇಡವೋ ಎಂಬ ಮಹಾಪ್ರಶ್ನೆ ಎದುರಾಯಿತು. ಅದನ್ನು ಇಡೀ ತಾಲ್ಲೂಕಿಗೆ ಮಾದರಿಯಾಗುವಂತೆ ಬಗೆಹರಿಸುತ್ತೇನೆಂದು ಗಲ್ಲಾಪೆಟ್ಟಿಗೆ ಮುಟ್ಟಿ ಪಣ ತೊಟ್ಟೆ.

ಪ್ರಶ್ನೆ ಹುಟ್ಟಿದ್ದು ನನ್ನ ಹೆಂಡತಿ ನಾಗವೇಣಿಯಿಂದ. ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಆಕಾಶವಾಣಿಯವರು ಅವಳನ್ನು ಕರೆಸಿಕೊಂಡು, ಮಹಿಳೆಯರ ಕಾರ್ಯಕ್ರಮಕ್ಕಾಗಿ ಮಾತಾಡಿಸಿ, ಧ್ವನಿಮುದ್ರಣ ಮಾಡಿ ಕಳಿಸಿದ್ದರು. ಭಾನುವಾರ ಬೆಳಿಗ್ಗೆ ಪ್ರಸಾರ. ಮನೆಗೆ ಬಂದವಳ ಮುಖದಲ್ಲಿ ಏನೋ ಒಂದು ಕಳ್ಳನಗು.

"ಏನೇನ್ ಹೇಳ್ದಿ?" ಎಂದೆ.

"ಕೌದಿ ಬಗ್ಗೆ ಹೇಳ್ದೆ. ನಿಮ್ಮ ಬಗ್ಗೆನೂ ಒಂದು ಮಾತು ಹೇಳಿದೀನಿ."

"ನನ್ನ ಬಗ್ಗೆನಾ? ಏನದು?"

"ಈಗ ಹೇಳಲ್ಲ ಮಾರಾಯ್ರೇ! ಮದುವೆ ಆದಾಗಿಂದ ನಿಮ್ಮ ಮುಖ ನೋಡ್ಕಂಡು ಹೇಳಕ್ಕೆ ನಾಚಿಕೆ ಆಗ್ತಿತ್ತು. ರೇಡಿಯೋದಲ್ಲೇ ಕೇಳ್ಕಳಿ."

ಅಲ್ಲಿಗೆ ನನ್ನ ನಿದ್ದೆ ಹಾರಿಹೋಯಿತು! ಹೊಗಳಿಕೆಯೋ, ದೂರೋ? ಗಿರಾಕಿಗೆ ಸೀರೆ ಬಿಚ್ಚುವಾಗಲೂ ಅದೇ ಚಿಂತೆ. ಮನೆಯಲ್ಲಿದ್ದ ಹಳೆಯ ರೇಡಿಯೋ ಒಂದು ಮಾತು ಆಡಿದರೆ ಹತ್ತು ಸಲ ಕೆಮ್ಮುತ್ತಿತ್ತು. "ಮೊಬೈಲಲ್ಲೇ ಬರುತ್ತೆ ಬಿಡಿ" ಎಂದಳು ನಾಗವೇಣಿ. ನನ್ನ ಹೆಂಡತಿಯ ದನಿ ಅಂಗೈಯಗಲದ ಡಬ್ಬಿಯಿಂದ ಹೊರಡುವುದೇ? ಕೂಡದು! ಶನಿವಾರ ಅಂಗಡಿ ಬೇಗ ಮುಚ್ಚಿ ಸೊರಬದ ಬಸ್ಸು ಹತ್ತಿದೆ.

ಸೊರಬ ನಾಗವೇಣಿಯ ತವರು. ಅವರ ಬೀದಿಯಲ್ಲೇ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿರುವ ಸುರೇಂದ್ರ ಅವಳನ್ನು ಅಕ್ಕ ಎನ್ನುತ್ತಾನೆ, ನನ್ನನ್ನು ಭಾವ ಎನ್ನುತ್ತಾನೆ. ಅವನು ಮೂರು ಬಗೆಯ ರೇಡಿಯೋ ತೆಗೆದಿಟ್ಟ. ಒಂದು ಮಾಮೂಲಿ ರೇಡಿಯೋ, ಮುಖದ ಮೇಲೆ ಮಾತ್ರ ಅಂಕಿಗಳು ಹೊಳೆಯುತ್ತಿದ್ದವು. ಇನ್ನೊಂದು ನಿಜವಾದ ಡಿಜಿಟಲ್ ರೇಡಿಯೋ. ಮೂರನೆಯದು ಮೊಬೈಲಿನ ನೆಟ್ಟಿಗೆ ಜೋಡಿಸಿದರೆ ಮಾತ್ರ ಬಾಯಿ ಬಿಡುವಂಥದ್ದು.

"ಯಾವ್ದು ಕಟ್ಲಿ ಭಾವ?"

"ಮೂರೂ ಕಟ್ಟು. ಮನೇಲಿ ತೋರಿಸಿ, ಒಪ್ಪಿದ್ದು ಇಟ್ಕಂಡು, ಉಳಿದಿದ್ದು ವಾಪಸ್ ಕಳಿಸ್ತೀನಿ."

"ಅಯ್ಯೋ, ರೇಡಿಯೋನೆಲ್ಲ ಹಂಗೆ ಕೊಡಲ್ಲ ಭಾವ!"

"ಯಾಕ್ ಕೊಡಲ್ಲಪ್ಪ? ಹೋದ ಯುಗಾದಿಗೆ ನಿನ್ನ ಹೆಂಡ್ತಿ ನನ್ನ ಅಂಗಡಿಯಿಂದ ಒಂದು ಹೊರೆ ಸೀರೆ ತಂದು, ಬೀದಿಗೆಲ್ಲ ತೋರಿಸಿ, ಒಂದೇ ಒಂದು ಇಟ್ಕಂಡು, ಮಿಕ್ಕಿದ್ದೆಲ್ಲ ವಾಪಸ್ ಕಳಿಸಿದ್ಲು. ನಾನು ತುಟಿ ಬಿಚ್ಚಿದ್ನೇನು?"

ನಮ್ಮ ವ್ಯಾಪಾರದಲ್ಲಿ ಇದು ತಲೆತಲಾಂತರದ ಪದ್ಧತಿ. ಸೀರೆಗಳು ಗಿರಾಕಿಯ ಮನೆಗೆ ಹೋಗಬೇಕು, ಅತ್ತೆ ನಾದಿನಿಯರ ಕಣ್ಣಿಗೆ ಬೀಳಬೇಕು, ಒಂದು ಅಲ್ಲಿ ನಿಲ್ಲಬೇಕು, ಉಳಿದವು ತಿರುಗಿ ಬರಬೇಕು. ಸೀರೆಗಿರುವ ಮರ್ಯಾದೆ ರೇಡಿಯೋಗೆ ಯಾಕಿಲ್ಲ? ಸುರೇಂದ್ರ ಪೆಚ್ಚುಮುಖದಲ್ಲಿ ಮೂರನ್ನೂ ಕಟ್ಟಿಕೊಟ್ಟ. ಮನೆಗೆ ಬಂದು ಒಂದೊಂದಾಗಿ ಹಚ್ಚಿ ನೋಡಿದೆ. ಒಂದಕ್ಕಿಂತ ಒಂದು ಚೆಂದ! ಯಾವುದನ್ನು ಇಟ್ಟುಕೊಳ್ಳುವುದೆಂದು ಮಾತ್ರ ತೀರ್ಮಾನವಾಗಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಹಜಾರ ತುಂಬಿ ತುಳುಕಿತು. ಸೊರಬದಿಂದ ನಮ್ಮತ್ತೆ ರಾಜೇಶ್ವರಮ್ಮ ಮೊದಲ ಬಸ್ಸಿಗೇ ಬಂದಿದ್ದರು. ಓಣಿಯ ಹೆಂಗಸರೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಹಿಡಿದು ಕೂತಿದ್ದರು. ನಾಗವೇಣಿ ಹೊಸ ಸೀರೆಯುಟ್ಟು ತನ್ನ ದನಿಗಾಗಿ ತಾನೇ ಕಾದಿದ್ದಳು. ನಾನು ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಮೂರೂ ರೇಡಿಯೋಗಳನ್ನು ಸಾಲಾಗಿಟ್ಟು, ಮೂರನ್ನೂ ಹಚ್ಚಲು ಕೈಹಾಕಿದೆ.

"ಒಂದೇ ಸಾಕು ರೀ" ಎಂದಳು ನಾಗವೇಣಿ.

"ಪಕ್ಕಪಕ್ಕ ಇಟ್ಟು ನೋಡಿದ್ರೇನೇ ಬಣ್ಣದ ಹೆಚ್ಚುಕಮ್ಮಿ ಗೊತ್ತಾಗದು!"

"ಮಾತಿಗೆ ಎಂಥ ಬಣ್ಣ ಮಾರಾಯ್ರೇ?"

ನಾನು ವೃತ್ತಿಯ ಘನತೆಯಿಂದ ನಕ್ಕು ಮೂರನ್ನೂ ಹಚ್ಚಿಯೇಬಿಟ್ಟೆ.

ಮಾಮೂಲಿ ರೇಡಿಯೋದ ಮಾತು ಆಗಿಂದಾಗಲೇ ಬರುತ್ತದೆ, ಡಿಜಿಟಲ್‌ನದು ಸ್ವಲ್ಪ ತಡೆದು ಬರುತ್ತದೆ, ನೆಟ್ಟಿನದು ಇನ್ನೂ ಹಿಂದೆ ಬೀಳುತ್ತದೆ ಎಂಬ ಸತ್ಯ ನನಗೆ ಗೊತ್ತಾದದ್ದು ಆ ಶುಭಗಳಿಗೆಯಲ್ಲಿ! ಮೊದಲನೆಯ ನಾಗವೇಣಿ "ನಮಸ್ಕಾರ" ಎಂದಳು. ಅವಳು ಕೌದಿಗೆ ಹಳೆಯ ಸೀರೆ ತೊಳೆಯುವ ಬಗೆ ಹೇಳಲು ಶುರುಮಾಡಿದಾಗ ಎರಡನೆಯ ನಾಗವೇಣಿ "ನಮಸ್ಕಾರ" ಎಂದಳು. ಮೂರನೆಯ ರೇಡಿಯೋ ಇನ್ನೂ ಒಣಹವೆಯ ಮುನ್ಸೂಚನೆಯನ್ನೇ ಓದುತ್ತಿತ್ತು.

"ನಾಗೂ, ನಿನ್ನ ಮಾತಿಗೆ ಅಡ್ಡ ಬಾಯಿ ಹಾಕ್ತಿರದು ಯಾರೇ ಅದು?" ಎಂದರು ನಮ್ಮತ್ತೆ.

"ನಾನೇ ಅವ್ವ!"

"ಮತ್ತೆ ಅತ್ಲಾಗಿ ಇನ್ನೊಬ್ಬಳು?"

"ಅದೂ ನಾನೇ!"

ಅಷ್ಟರಲ್ಲಿ ಮೊದಲನೆಯ ರೇಡಿಯೋದಲ್ಲಿ ನಿರೂಪಕಿ ಕೇಳಿಯೇಬಿಟ್ಟರು: "ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿ." ಬಂತು ಆ ಮಾತು!

"ನಮ್ಮ ಯಜಮಾನರು..." ಎಂದಳು ಮೊದಲನೆಯ ನಾಗವೇಣಿ.

"ಹಳೇದಾಗಿ ಜಾಳಾಗಿರ್ತಾವೆ" ಎಂದಳು ಎರಡನೆಯವಳು.

"ಬಿಸಿನೀರಲ್ಲಿ ನೆನೆಹಾಕಿ, ಕಲ್ಲಿಗೆ ಎತ್ತಿ ಒಗೀಬೇಕು!" ಎಂದಳು ಮೂರನೆಯವಳು.

ಹಜಾರ ಹೋ ಎಂದು ನಕ್ಕಿತು. ನಮ್ಮತ್ತೆ ಮಂಡಕ್ಕಿ ನೆತ್ತಿಗೆ ಹತ್ತಿ ಕೆಮ್ಮಿದರು. ಆ ಗದ್ದಲದಲ್ಲಿ ಅಸಲಿ ಮಾತು ಗಾಳಿಗೆ ಹೋಯಿತು! ಆದರೆ ನಾನು ಧೃತಿಗೆಡಲಿಲ್ಲ. ಎರಡನೆಯ ರೇಡಿಯೋ ಹಿಂದೆಯೇ ಬರುತ್ತಿದೆಯಲ್ಲ! ಹಾರಿ ಹೋಗಿ ಮೊದಲನೆಯದರ ಬಾಯಿ ಮುಚ್ಚಿಸಲು ಯಾವುದೋ ಗುಂಡಿ ಒತ್ತಿದೆ. ಅದು ಅಲಾರಂ ಗುಂಡಿ. ಹುಂಜವೊಂದು ಪ್ರಾಣ ಹೋದಂತೆ ಕೂಗತೊಡಗಿತು. ಹುಂಜದ ಕತ್ತು ಹಿಸುಕುವಷ್ಟರಲ್ಲಿ ಎರಡನೆಯ ನಾಗವೇಣಿಯೂ ಹೇಳಬೇಕಾದ್ದನ್ನು ಹೇಳಿ ದಾರ ಪೋಣಿಸುತ್ತಿದ್ದಳು.

ಪಕ್ಕದ ಮನೆಯ ರಾಜಕುಮಾರ್ ಕಿಟಕಿಯಿಂದ ಕೂಗಿದ: "ಅಣ್ಣಾ, ಅಕ್ಕಾರು ಬಾಳ ಚಲೋ ಮಾತಾಡಾಕತ್ಯಾರ! ನಿಮ್ಮ ಮನಿ ಗದ್ಲ ಒಂಚೂರು ಕಮ್ಮಿ ಮಾಡ್ರಿ, ಮೊಬೈಲಿನಾಗ ನಮಗೂ ಕೇಳವಲ್ದು!"

ಉಳಿದದ್ದು ಮೂರನೆಯದೊಂದೇ, ನೆಟ್ಟಿನ ರೇಡಿಯೋ. ಇತರ ಎರಡರ ವೈರುಗಳನ್ನು ಕಿತ್ತೆಸೆದೆ. "ಯಾರೂ ಉಸಿರಾಡಬ್ಯಾಡ್ರಿ!" ಎಂದು ಆಜ್ಞೆ ಮಾಡಿದೆ. ಹಜಾರ ಸ್ತಬ್ಧವಾಯಿತು. "ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿ" ಎಂದರು ನಿರೂಪಕಿ. ನಾನು ರೇಡಿಯೋಗೆ ಕಿವಿಯಂಟಿಸಿ ಮಂಡಿಯೂರಿದೆ.

"ನಮ್ಮ ಯಜಮಾನರು..."

ಆಗ ನನ್ನ ಮೊಬೈಲು ಹೊಡೆದುಕೊಂಡಿತು! ಕರೆ ಬಂದರೆ ನೆಟ್ಟು ನಿಲ್ಲುವುದು ಆ ಮೊಬೈಲಿನ ಹುಟ್ಟುಗುಣ. ರೇಡಿಯೋ ಮೂಕವಾಯಿತು. ಕರೆ ಮಾಡಿದ್ದವನು ಸುರೇಂದ್ರ.

"ಭಾವ! ಅಕ್ಕ ಎಷ್ಟು ಚೆಂದ ಹೇಳಿದ್ರು! ನಿಮ್ಮ ಬಗ್ಗೆ ಹೇಳಿದ್ದು ಕೇಳಿ ನನ್ನ ಹೆಂಡ್ತಿ ಕಣ್ಣಲ್ಲಿ ನೀರು ಬಂತು!"

"ಏನ್ ಹೇಳಿದ್ಲೋ? ಬೇಗ ಹೇಳಪ್ಪ!"

"ಥೋ, ಅಕ್ಕನ ಮಾತು ನಾನು ಹೇಳಿದ್ರೆ ಚೆಂದ ಇರುತ್ತಾ ಭಾವ? ನೀವೇ ಕೇಳಿದೀರಲ್ಲ. ಅದಿರ್ಲಿ, ಯಾವ ರೇಡಿಯೋ ಇಟ್ಕಳ್ತೀರಿ?"

ನೆಟ್ಟು ಮರಳುವಷ್ಟರಲ್ಲಿ ಕಾರ್ಯಕ್ರಮ ಮುಗಿದು ಕೊಬ್ಬರಿ ಧಾರಣೆ ಬರುತ್ತಿತ್ತು. ಓಣಿಯ ಹೆಂಗಸರು ತಟ್ಟೆ ಕೆಳಗಿಟ್ಟು, ಮುಸಿಮುಸಿ ನಗುತ್ತ ಎದ್ದು ಹೋದರು. ನಾಗವೇಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಊರೆಲ್ಲ ಕೇಳಿದ ಮಾತು, ನನಗಾಗಿಯೇ ಆಡಿದ ಮಾತು, ನನ್ನೊಬ್ಬನಿಗೇ ಕೇಳಿಸಲಿಲ್ಲವಲ್ಲ!

"ನಾಗೂ, ತಪ್ಪಾಯ್ತು. ಆ ಮಾತು ಒಂದೇ ಒಂದ್ಸಲ ನೀನೇ ಹೇಳೇ" ಎಂದು ಅಂಗಲಾಚಿದೆ.

"ಮೂರು ಸಲ ಹೇಳ್ದೆನಲ್ಲ ರೀ!" ಎಂದವಳೇ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಸುರೇಂದ್ರನಿಗೆ ಕರೆ ಮಾಡಿದಳು. "ಸುರೇಂದ್ರ, ರೇಡಿಯೋ ಮೂರೂ ವಾಪಸ್ ತಗಂಡು ಹೋಗು. ಅವುಗಳದ್ದು ಒಂಚೂರೂ ತಪ್ಪಿಲ್ಲ. ನಿನ್ನ ಅಂಗಡಿಗೆ ಗಂಡಸರ ಕಿವಿ ಬಂದ್ರೆ ಮಾತ್ರ ಒಂದು ಜೊತೆ ಕಳಿಸಪ್ಪ!"