ಎರಡನೇ ಪೆಟ್ಟಿಗೆಯನ್ನು ಕಾಣದಿರುವ ಕುರಿತು

ಭದ್ರತಾ ಸಿದ್ಧತಾ ಕೋಶ
(ಸಿದ್ಧ ಉಡುಪು ರಫ್ತು ವಿಭಾಗ)
ಗೌರಿಬಿದನೂರು, ~~ಕೋಲಾರ~~ ಚಿಕ್ಕಬಳ್ಳಾಪುರ ಜಿಲ್ಲೆ

ಸಂಖ್ಯೆ: ಭಸಿಕೋ/ಗೇಟು/ಕಳ್ಳ/07/2007-08
ದಿನಾಂಕ: 19.11.2007

ಸುತ್ತೋಲೆ

ವಿಷಯ: ದಿ. 22.11.2007ರಂದು ನಡೆಯಲಿರುವ ರಫ್ತು ಸರಕಿನ ಸರ್ಕಾರಿ ಭದ್ರತಾ ತಪಾಸಣೆಗೆ ಕಾರ್ಖಾನೆಯನ್ನು ಸಜ್ಜುಗೊಳಿಸುವ ಬಗ್ಗೆ.

ಉಲ್ಲೇಖ: 1) ದಿ. 12.11.2007ರ ಅಣಕು ಕಳ್ಳತನದ ತಾಲೀಮು.
2) ಗೇಟು ಕಾಯುವ ಶ್ರೀಮತಿ ಗಂಗುಲಮ್ಮನವರ ವರ್ತನೆ.

ಪ್ರಸ್ತಾವನೆ:

ಉಲ್ಲೇಖ (1)ರ ತಾಲೀಮಿನಲ್ಲಿ, ಹನ್ನೊಂದು ಗಂಟೆಗೆ ನೀಲಿ ಶರ್ಟು ಧರಿಸಿದ ಕಳ್ಳನೊಬ್ಬ ಬರುತ್ತಾನೆ, ಯಾರೂ ಗಾಬರಿಯಾಗಬಾರದು ಎಂದು ನೋಟಿಸ್ ಬೋರ್ಡಿನಲ್ಲಿ ಮೂರು ದಿನ ಮೊದಲೇ ಪ್ರಕಟಿಸಲಾಗಿತ್ತು. ಅದರಂತೆ ಸಮಸ್ತ ಸಿಬ್ಬಂದಿ ಸಹಕರಿಸಿರುತ್ತಾರೆ. ಕಳ್ಳನ ಪಾತ್ರ ವಹಿಸಿದ ಗೌರವಾನ್ವಿತ ಅಧಿಕಾರಿಗೆ ಉಗ್ರಾಣದಲ್ಲಿ ಕಾಫಿ ನೀಡಲಾಗಿದೆ. ಪ್ಯಾಕಿಂಗ್ ಮೇಲ್ವಿಚಾರಕ ಶ್ರೀ ಚೆನ್ನರಾಯಪ್ಪನವರು ಪೆಟ್ಟಿಗೆಗೆ ಸ್ವತಃ ಟೇಪು ಸುತ್ತಿ, ಕಾರಿನವರೆಗೆ ಹೊತ್ತು ತಂದಿರುತ್ತಾರೆ. ಆದರೆ ಕಚೇರಿಯ ಒಳಗೆ ಪ್ರವೇಶವಿಲ್ಲದ ಕಾರಣ ಸದರಿ ನೋಟಿಸನ್ನು ಓದದೆ, ನಾಟಕದ ಸುದ್ದಿಯನ್ನು ಬಾಯಿಮಾತಿನಲ್ಲಷ್ಟೇ ಕೇಳಿದ್ದ ಶ್ರೀಮತಿ ಗಂಗುಲಮ್ಮನವರು, ಕಾರಿನ ಡಿಕ್ಕಿ ತೆಗೆಸಿ, "ಏನಪ್ಪಾ, ನಾಟಕಕ್ಕೆ ಒಂದು ಬಾಕ್ಸು ಸಾಕಲ್ವಾ? ಇನ್ನೊಂದ್ಯಾಕೆ? ಚೀಟಿ ಎಲ್ಲಿ?" ಎಂದು ಜನರೆದುರಿಗೆ ಕೇಳಿರುತ್ತಾರೆ. ಒಂದು ಪೆಟ್ಟಿಗೆಯನ್ನು ಒಳಕ್ಕೆ ಹಿಂದಿರುಗಿಸಲಾಗಿದೆ. ಮತ್ತೊಂದು, ಮೇಲಿನಿಂದ ಬಂದ ಆದೇಶದ ಮೇರೆಗೆ ಗೇಟು ತೆರೆಸಿ, ಹೊರಗೆ ಹೋಗಿರುತ್ತದೆ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಸದರಿ ತಾಲೀಮನ್ನು ವಿಫಲವೆಂದು ಘೋಷಿಸಲಾಗಿದೆ. ಕಳ್ಳನನ್ನು 11.45ಕ್ಕೆ ಮಾಲೀಕರು ಫೋಟೋಗ್ರಾಫರ್ ಸಮ್ಮುಖದಲ್ಲಿ ಹಿಡಿಯುವುದೆಂದು ನಿಗದಿಯಾಗಿದ್ದು, ಅಧಿಕಾರವಿಲ್ಲದವರು 11.20ಕ್ಕೇ ಹಿಡಿದಿರುವುದು ಶಿಸ್ತಿನ ಉಲ್ಲಂಘನೆಯಾಗಿರುತ್ತದೆ.

2. ಇನ್ನು ಮುಂದೆ ಕಳ್ಳರನ್ನು ಹಿಡಿಯಲಿಚ್ಛಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ಮೇಲೆ ಸಂಬಂಧಪಟ್ಟ ಕಳ್ಳನ ಒಪ್ಪಿಗೆ ಸಹಿ ಕಡ್ಡಾಯ.

3. ಎರಡನೇ ಪೆಟ್ಟಿಗೆ ಇರಲಿಲ್ಲ. ಅದನ್ನು ಕಂಡ ಎಲ್ಲರೂ ತಾವು ಕಂಡಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ಅದರಲ್ಲಿದ್ದ ಮೂವತ್ತಾರು ಷರಟುಗಳನ್ನು ಎಣಿಸಿದವರು ತಮ್ಮ ಎಣಿಕೆಯನ್ನು ಕೋಶಕ್ಕೆ ಹಿಂದಿರುಗಿಸತಕ್ಕದ್ದು.

4. ಹಿಂಬದಿಯ ಕಾಂಪೌಂಡು ಒಡೆದಿರುವ ಜಾಗಕ್ಕೆ "ಭದ್ರತೆಯೇ ನಮ್ಮ ಉಸಿರು" ಎಂಬ ಬ್ಯಾನರ್ ಕಟ್ಟಲಾಗಿದೆ. ಮಂಚೇನಹಳ್ಳಿ ಬಸ್ಸಿಳಿದು ಆ ದಾರಿಯಾಗಿ ಬರುವ ಸಿಬ್ಬಂದಿ ಬ್ಯಾನರನ್ನು ಗೌರವಪೂರ್ವಕವಾಗಿ ಎತ್ತಿ, ನುಸುಳಿ, ಮತ್ತೆ ಇಳಿಬಿಡತಕ್ಕದ್ದು. ಅದೇ ದಾರಿಯಲ್ಲಿ ಬರುವ ಮೇಕೆಗಳಿಗೆ "ಸಂದರ್ಶಕರು" ಎಂಬ ಬಿಲ್ಲೆ ಕಟ್ಟಲಾಗುವುದು. ಬಿಲ್ಲೆಯನ್ನು ತಿಂದ ಮೇಕೆಗೆ ಎರಡನೇ ಬಿಲ್ಲೆ ನೀಡಲಾಗುವುದಿಲ್ಲ.

5. ಅಳವಡಿಸಿರುವ ನಾಲ್ಕು ಕ್ಯಾಮೆರಾಗಳ ಪೈಕಿ ಮೂರು ಖಾಲಿ ಡಬ್ಬಗಳಾಗಿರುತ್ತವೆ. ನಾಲ್ಕಕ್ಕೂ ಸಮಾನವಾಗಿ ಹೆದರತಕ್ಕದ್ದು.

6. ಹೊಸ ಗೇಟು ರಿಜಿಸ್ಟರನ್ನು ಮುಂದಿನ ಮಾರ್ಚ್ 31ರವರೆಗೆ ಮುಂಗಡವಾಗಿ ತುಂಬಲಾಗಿದೆ. ಸಿಬ್ಬಂದಿ ಅದನ್ನು ಓದಿಕೊಂಡು, ತಾವು ಯಾವ ದಿನ ಎಷ್ಟು ಗಂಟೆಗೆ ಹೊರಗೆ ಹೋಗಬೇಕಾಗಿದೆಯೆಂದು ತಿಳಿದು, ಹಾಗೆಯೇ ನಡೆದುಕೊಳ್ಳತಕ್ಕದ್ದು.

7. ತಪಾಸಣೆಯ ವೇಳೆ ಕಳ್ಳ ಎಂಬ ಪದ ಕಿವಿಗೆ ಬಿದ್ದೊಡನೆ ಯಾವ ಅಧಿಕಾರಿಯೂ ಹೆಗಲು ಮುಟ್ಟಿ ನೋಡಿಕೊಳ್ಳತಕ್ಕದ್ದಲ್ಲ. ಅಂದು ಕ್ಯಾಂಟೀನಿನಲ್ಲಿ ಕುಂಬಳಕಾಯಿ ಹುಳಿಯನ್ನೂ ನಿಷೇಧಿಸಲಾಗಿದೆ.

8. ಗೇಟಿಗೆ ಒಂದು ದಿನದ ಮಟ್ಟಿಗೆ ಬೆಂಗಳೂರಿನಿಂದ ಕಪ್ಪು ಕನ್ನಡಕದ ನಾಲ್ವರು ಕಾವಲುಗಾರರನ್ನು ಬಾಡಿಗೆಗೆ ತರಿಸಲಾಗುತ್ತಿದೆ. ಇವರಿಗೆ ಇಲ್ಲಿ ಯಾರ ಮುಖವೂ ಗೊತ್ತಿಲ್ಲದಿರುವುದರಿಂದ ಪಕ್ಷಪಾತಕ್ಕೆ ಅವಕಾಶವಿರುವುದಿಲ್ಲ. ಹದಿನಾಲ್ಕು ವರ್ಷದಿಂದ ಎಲ್ಲರ ಮುಖವನ್ನೂ ಬಲ್ಲ ಶ್ರೀಮತಿ ಗಂಗುಲಮ್ಮನವರನ್ನು ಮಕ್ಕಳ ಕೋಣೆಗೆ ವರ್ಗಾಯಿಸಲಾಗಿದೆ. ಒಪ್ಪದಿದ್ದಲ್ಲಿ 22ರಿಂದ ಅವರ ಸೇವೆ ಕೊನೆಗೊಳ್ಳುತ್ತದೆ. ಇದಕ್ಕೆ ಸದರಿಯವರು, "ಮಕ್ಕಳ್ನ ನೋಡ್ಕೊಳಕ್ಕೆ ನಂಗೇನೂ ಬೇಜಾರಿಲ್ಲ ಕಣಪ್ಪ. ನಾನ್ ಕಾಯ್ತಿದ್ದ ಗೇಟಲ್ಲಿ ಹೋದ ಬಾಕ್ಸು ವಾಪಸ್ ಬರ್ಲಿ, ಆಮೇಲೆ ಹೋಗ್ತೀನಿ. ಇಲ್ದಿದ್ರೆ ನಾಳೆ ಅದು ನನ್ ತಲೆ ಮೇಲೇ ಬರತ್ತೆ" ಎಂದಿರುವುದನ್ನು ಉದ್ಧಟತನವೆಂದು ದಾಖಲಿಸಲಾಗಿದೆ. ಆಗ ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳ ಕಣ್ಣಲ್ಲಿ ಬಂದ ನೀರನ್ನು ಹತ್ತಿಯ ಧೂಳಿನಿಂದ ಬಂದದ್ದೆಂದು ಪರಿಗಣಿಸಲಾಗಿದೆ.

9. ಸದರಿಯವರು ಇಟ್ಟುಕೊಂಡಿರುವ ನೋಟ್ ಪುಸ್ತಕವನ್ನು ತಕ್ಷಣ ಒಪ್ಪಿಸಲು ಈಗಾಗಲೇ ಎರಡು ಬಾರಿ ಸೂಚಿಸಲಾಗಿದೆ. ಅದರಲ್ಲಿ ದಿ. 12.11.2007ರ ಪುಟದಲ್ಲಿ "ನೀಲಿ ಶರ್ಟ್ ಸಾಹೇಬ್ರು. ಬಾಕ್ಸ್ ಎರಡು. ಚೀಟಿ ಇಲ್ಲ. ಹೋದ ತಿಂಗಳೂ ಹಿಂಗೇ" ಎಂದು ಬರೆದಿರುವುದು ಕಾರ್ಖಾನೆಯ ಶಾಂತಿಗೆ ಭಂಗ ತರುವಂಥದ್ದು. ಪುಸ್ತಕವನ್ನು ಸ್ವಂತ ದುಡ್ಡಿನಲ್ಲಿ ಕೊಂಡದ್ದೆಂದು ಸದರಿಯವರು ವಾದಿಸುತ್ತಿರುವುದರಿಂದ ವಕೀಲರ ಅಭಿಪ್ರಾಯ ಕೇಳಲಾಗಿದೆ. ವಕೀಲರು ಇನ್ನೂ ನಗುತ್ತಿರುವುದಾಗಿ ತಿಳಿದುಬಂದಿದೆ.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು.

ಸಹಿ/-
(ಮುರಳಿಮೋಹನ್)
ಮಾಲೀಕರ ಭಾವಮೈದುನ,
ಭದ್ರತಾ ವಿಶೇಷಾಧಿಕಾರಿ
ಹಾಗೂ ಅಣಕು ಕಳ್ಳ (ಹೆಚ್ಚುವರಿ ಪ್ರಭಾರ)

ಪ್ರತಿಗಳು:

1. ಮಾಲೀಕರು: ಓದದೆ ಸಹಿ ಮಾಡಲು.
2. ಶ್ರೀ ಚೆನ್ನರಾಯಪ್ಪ: ಮುಂದಿನ ತಾಲೀಮಿಗೆ ಟೇಪು ಸಿದ್ಧವಿಡಲು.
3. ಮೇಕೆಗಳ ಮಾಲೀಕರಾದ ಶ್ರೀ ಕೋನಪ್ಪ: ಮಾಹಿತಿಗಾಗಿ.
4. ಶ್ರೀಮತಿ ಗಂಗುಲಮ್ಮ: ಪ್ರತಿಯನ್ನು ಪಡೆದು, "ಕಾಗದ ಒಂದು, ಒಳಗಿಂದ ಬಂತು, ಚೀಟಿ ಇಲ್ಲ" ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ.
5. ತಪಾಸಣಾ ತಂಡದ ಮುಖ್ಯಸ್ಥರು: ಯಾವ ಕಾರಣಕ್ಕೂ ಪ್ರತಿ ಕಳುಹಿಸತಕ್ಕದ್ದಲ್ಲ.

(ಸಹಿಯಾದ ನಂತರ ಕೈಬರಹದಲ್ಲಿ ಸೇರಿಸಿದ್ದು: ಸದರಿ ತಂಡವು ಹೇಳದೆ ಕೇಳದೆ ಮೂರು ದಿನ ಮೊದಲೇ, ಇಂದು ಬೆಳಿಗ್ಗೆ ಬಂದಿರುತ್ತದೆ. ಗೇಟ್ ಪಾಸ್ ಇಲ್ಲದ ಕಾರಣ ಶ್ರೀಮತಿ ಗಂಗುಲಮ್ಮನವರು ಅವರನ್ನು "ಪಾಸ್ ಬರೋ ತನಕ ಇಲ್ಲೇ ಕೂತ್ಕೊಳ್ಳಿ ಸ್ವಾಮಿ" ಎಂದು ತಮ್ಮ ಬೆಂಚಿನ ಮೇಲೆ ಕೂರಿಸಿರುತ್ತಾರೆ. ಹೊತ್ತು ಹೋಗಲೆಂದು ಮುಖ್ಯಸ್ಥರು ಗಂಗುಲಮ್ಮನವರ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದು, ಈಗ ನವೆಂಬರ್ ಹನ್ನೆರಡರ ಪುಟಕ್ಕೆ ಬಂದಿರುತ್ತಾರೆ.)