ಕೊನೆಯ ಕಂತು ಮತ್ತು ನಾನು ಹೇಳಿದ ಸುಳ್ಳು

ಮೊರಬದ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ನನ್ನ ಮೇಜಿನವರೆಗೆ ನಗೆಯ ಪ್ರಸಂಗಗಳು ತಾವಾಗಿಯೇ ನಡೆದು ಬರುತ್ತವೆ. ಆದರೆ ಟಿ.ವಿ.ಯಲ್ಲಿ ಆ ಒಂದು ಧಾರಾವಾಹಿ ಮುಗಿದ ವಾರ ಬಂದಷ್ಟು ಯಾವತ್ತೂ ಬಂದಿಲ್ಲ.

೧. ಕಡೆಯ ಪುಟದ ಗಿರಾಕಿಗಳು

ಅದು ಒಂದು ಹಳೆಯ ಕಾದಂಬರಿಯನ್ನು ಆಧರಿಸಿದ ಧಾರಾವಾಹಿ. ಪುಸ್ತಕದ ಒಂದೇ ಪ್ರತಿ ನಮ್ಮ ಕಪಾಟಿನಲ್ಲಿತ್ತು. ಅದನ್ನು ಮುಟ್ಟಿದ್ದು ನಾನೊಬ್ಬಳೇ, ಅದೂ ಧೂಳು ಹೊಡೆಯಲು. ಕಥೆಯ ಸೊಸೆ ಪ್ರಜ್ಞೆ ತಪ್ಪಿ ದವಾಖಾನೆ ಸೇರಿದ್ದೇ ತಡ, ಊರಿಗೆ ಓದುವ ಹುಚ್ಚು ಹಿಡಿಯಿತು. ನಾಲ್ವರು ಹೆಣ್ಣುಮಕ್ಕಳು ಒಟ್ಟಿಗೇ ಬಂದರು.

“ಮುನ್ನೂರು ಪುಟದ ಮ್ಯಾಲ ಐತ್ರೆವಾ, ಎಲ್ಲಾರೂ ಓದಾಕ ತಿಂಗಳ ಬೇಕು,” ಎಂದೆ.

“ಪೂರಾ ಯಾಕ್ರೀ ಅಕ್ಕಾರ? ಕಡೀ ಪುಟ ಅಷ್ಟ ಹರದು ಕೊಡ್ರಿ, ಜೆರಾಕ್ಸ್ ಮಾಡಿಸಿ ತಂದ ಕೊಡತೀವಿ!”

೨. ಆಯಿಯ ಹರಕೆ

ಕೊನೆಗೆ ಪುಸ್ತಕವನ್ನು ನಿವೃತ್ತ ಮಾಸ್ತರರಿಗೆ ಕೊಟ್ಟೆ. ಎರಡೇ ದಿನದಲ್ಲಿ ಓದಿ ಮುಗಿಸಿ, ಬಸ್‌ ಸ್ಟ್ಯಾಂಡಿನಲ್ಲಿ ನಿಂತು “ಸೊಸಿ ಸಾಯತಾಳ” ಎಂದು ಸಾರಿಬಿಟ್ಟರು. ಪುಣ್ಯಾತ್ಮ!

ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಅಜ್ಜಿ, ನಮ್ಮೆಲ್ಲರ ಆಯಿ, ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆಕೆಗೆ ಓದಲು ಬಾರದು. ಸೊಸೆ ಗುಣವಾಗುವವರೆಗೆ ಒಂದೇ ಹೊತ್ತು ಊಟ, ಗುಣವಾದರೆ ಮಡಿಲಕ್ಕಿ ಹಾಕಿ ಉಡಿ ತುಂಬುವುದು ಎಂದು ಹರಕೆ ಹೊತ್ತು ಹತ್ತು ದಿನವಾಗಿತ್ತು.

“ಮಾಸ್ತರ ಹೇಳಿದ್ದು ಸುಳ್ಳ ಹೌದಿಲ್ಲ, ನನ ಮಗಳ? ಪುಸ್ತಕದಾಗ ಏನ ಬರದಾರ?”

ನಾನೂ ಕದ್ದು ಕೊನೆಯ ಪುಟ ನೋಡಿದ್ದೆ. ಸಾಯುತ್ತಾಳೆ. ಆದರೆ ಹತ್ತು ದಿನದಲ್ಲಿ ಆಯಿಯ ಗಲ್ಲ ಒಳಹೋಗಿತ್ತು. “ಬದುಕತಾಳ ಆಯಿ, ನಾ ಸ್ವತಃ ಓದೇನಿ,” ಎಂದುಬಿಟ್ಟೆ.

“ಹಂಗಾರ ಕಡೀ ಕಂತು ನಮ್ಮ ಮನ್ಯಾಗ ನೋಡು. ನೀ ನನ್ನ ಬಾಜೂಕ ಇರಬೇಕು.”

ನಾನು ತಪ್ಪಿಸಿಕೊಳ್ಳಲು ನೋಡಿದೆ. “ನನಗ ಜ್ವರ ಬರಂಗ ಐತಿ ಆಯಿ...”

“ಕಷಾಯ ಮಾಡಿ ಇಟ್ಟಿರತೀನಿ, ಬಾ!”

೩. ಫೋನ್ ಎತ್ತದ ಸಾಹುಕಾರರು

ಕಡೆಯ ಕಂತಿನ ದಿನ ಹತ್ತಿ ಬಿಡಿಸಲು ಹೋದ ಹೆಂಗಸರು ನಾಲ್ಕಕ್ಕೇ ಗಂಟು ಕಟ್ಟಿದರು. ಹೊಲದ ಸಾಹುಕಾರರಿಗೆ ಒಂದು ಮಾತು ಹೇಳೋಣವೆಂದು ಫೋನ್ ಮಾಡಿದರೆ ಎತ್ತಲಿಲ್ಲ. ನಾಳೆ ಬೈಗುಳ ತಪ್ಪಿದ್ದಲ್ಲ ಎಂದುಕೊಂಡು ಆಯಿಯ ಮನೆಗೆ ಬಂದರೆ, ಎಲ್ಲರಿಗಿಂತ ಮುಂದೆ ಸಾಹುಕಾರರೇ ಕೂತಿದ್ದಾರೆ! ಅವರ ಮನೆಯ ಡಿಶ್ ರೀಚಾರ್ಜ್ ಮುಗಿದಿತ್ತಂತೆ.

“ಈಗ ಬರೂದೇನ್ರೆ?” ಎಂದು ಹೆಂಗಸರನ್ನೇ ಗದರಿದರು. “ನಿನ್ನಿ ಕಂತ ಮತ್ತ ತೋರಸಾಕ ಹತ್ತಿ ತಾಸಾತು!”

೪. ಮಾಸ್ತರರ ತಕರಾರು

ಮಾಸ್ತರರು ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಬಂದರು. ಟಿ.ವಿ.ಯಲ್ಲಿ ಸೊಸೆಯ ಉಸಿರು ನಿಂತಂತಾಯಿತು. “ಬಂತ ನೋಡ್ರಿ, ಪುಟ ಮುನ್ನೂರಾ ಎಂಟು,” ಎಂದರು. ಆಯಿ ಟಿ.ವಿ. ಬಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಕಷಾಯದ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಅಷ್ಟರಲ್ಲಿ ಸೊಸೆಯ ಬೆರಳು ಅಲುಗಿತು. ಕಣ್ಣು ತೆರೆದಳು! ಚಪ್ಪಾಳೆ, ಸಿಳ್ಳೆ, ಸಾಹುಕಾರರು ಎದ್ದು ಕುಣಿದರು. ನಾನಂತೂ ಅತ್ತೇಬಿಟ್ಟೆ.

ಮಾಸ್ತರರೊಬ್ಬರೇ ಪುಸ್ತಕ ತೆರೆದು ಟಿ.ವಿ.ಯ ಮುಂದೆ ಹಿಡಿದರು: “ಏ ತಂಗಿ, ಇಲ್ಲಿ ನೋಡ ಇಲ್ಲಿ! ನೀ ಆಗಲೇ ಸತ್ತಿ!”

೫. ಸೊಸೆಗೆ ಉಡಿ

ಮರುದಿನ ಗ್ರಂಥಾಲಯ ತೆರೆದಾಗ ಮಾಸ್ತರರು ಪುಸ್ತಕ ಮರಳಿಸಲು ಬಂದಿದ್ದರು. ಹಿಂದೆಯೇ ಆಯಿ. ಬುಟ್ಟಿಯಲ್ಲಿ ಅಕ್ಕಿ, ಕುಬಸದ ಖಣದ ಬಟ್ಟೆ, ತೆಂಗಿನಕಾಯಿ, ಅರಿಸಿನ ಕೊಂಬು.

“ಯಾರಿಗೆ ಉಡಿ, ಆಯಿ?”

“ಸೊಸಿಗೆ. ಟಿ.ವಿ.ಯಾಗ ಮುಗದ ಮ್ಯಾಲ ಆಕಿ ಇರೂದು ಈ ಪುಸ್ತಕದಾಗ ಅಲ್ಲೇನು?”

ನನ್ನನ್ನು ಕೂರಿಸಿ, ಸೆರಗು ಒಡ್ಡಿಸಿ, ಅದರಲ್ಲಿ ಪುಸ್ತಕವಿಟ್ಟು, ಮೇಲೆ ಐದು ಬೊಗಸೆ ಅಕ್ಕಿ ಹಾಕಿದಳು. ರಟ್ಟಿಗೆ ಕುಂಕುಮ ಹಚ್ಚಿದಳು. ಆಮೇಲೆ ಎದುರಿಗೆ ಕೂತು, “ಈಗ ಆಕಿ ಬದುಕಿದ್ದು ಓದಿ ಹೇಳು,” ಎಂದಳು.

ನಾನು ಮಾಸ್ತರರ ಕಡೆ ನೋಡಿದೆ. ಅವರು ಆಯಿಯ ಮುಖ ನೋಡಿದರು, ತಾವೇ ಕೊನೆಯ ಪುಟ ತೆಗೆದು ನನ್ನ ಮುಂದೆ ಹಿಡಿದರು. ಕೊನೆಯ ಪುಟದಲ್ಲಿ ಚಿತೆ ಉರಿಯುತ್ತಿತ್ತು. ಸಾಲಿನ ಮೇಲೆ ಬೆರಳು ಓಡಿಸುತ್ತ ನಾನು ಸೊಸೆಯನ್ನು ಎಬ್ಬಿಸಿ ಮನೆಗೆ ಕರೆತಂದೆ. ಕಾಡಿದ ಅತ್ತೆಯಿಂದ ತಪ್ಪು ಒಪ್ಪಿಸಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಉಣ್ಣಿಸಿದೆ.

ಆಯಿ ಕಣ್ಣೊರೆಸಿಕೊಂಡಳು. “ಟಿ.ವಿ.ಯವ್ರು ಊಟದ್ದ ಬಿಟ್ಟಬಿಟ್ಟಾರ ನೋಡು! ಪುಸ್ತಕನ ಚಲೋ. ಸಂಜಿಕೆ ಓಣಿ ಹೆಣ್ಮಕ್ಕಳನ್ನೆಲ್ಲಾ ಕರಕೊಂಡ ಬರತೀನಿ, ಇನ್ನೊಮ್ಮಿ ಓದು. ಒಂದ ಅಕ್ಷರನೂ ಬಿಡಬ್ಯಾಡ.”

ಆಕೆ ಹೋದ ಮೇಲೆ ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಓದಿದ್ದರಲ್ಲಿ ಅರ್ಧ ಮರೆತೇ ಹೋಗಿತ್ತು. ಮಾಸ್ತರರು ಜೇಬಿನಿಂದ ಪೆನ್ನು ತೆಗೆದು, ಒಂದು ಹಾಳೆ ಎಳೆದುಕೊಂಡರು.

“ಹೇಳ್ರಿ, ನಾ ಬರಕೋತೀನಿ. ಆದ್ರ ಎಣ್ಣಿಗಾಯಿ ಆಕಿ ಗಂಡನ ಕೈಲೇ ಮಾಡಸೂಣು. ಮುನ್ನೂರು ಪುಟ ತ್ರಾಸ ಕೊಟ್ಟಾನ ಮಗ!”